ಸೊಳ್ಳೆಗೆ ದುಡ್ಡು ಸುರಿಯುವ ಮೊದಲು ಹಿತ್ತಲಲ್ಲಿ ಒಂದು ಸುತ್ತು

ಹೋದ ಮಳೆಗಾಲದಲ್ಲಿ ನಮ್ಮ ಮೈಸೂರಿನ ಮನೆಗೆ ನೀಲಿ ದೀಪದ ಒಂದು ಯಂತ್ರ ಬಂತು. ಹಿತ್ತಲಲ್ಲಿ ನೇತುಹಾಕಿ ಸಾಕು, ಸೊಳ್ಳೆ ತಾನಾಗಿ ಬಂದು ಸುಟ್ಟುಹೋಗುತ್ತದೆ ಅಂತ ಅಂಗಡಿಯವರು ಹೇಳಿದ್ದರು. ರಾತ್ರಿಯೆಲ್ಲ ಚಟಪಟ ಸದ್ದು. ನಮಗೋ ಖುಷಿ. ಬೆಳಿಗ್ಗೆ ಟ್ರೇ ತೆಗೆದು ಹಳೇ ಪೇಪರ್ ಮೇಲೆ ಸುರಿದು ನೋಡಿದರೆ ಬರೀ ಪತಂಗ, ದೀಪದ ಹುಳ, ಪುಟ್ಟ ಪುಟ್ಟ ದುಂಬಿ. ಸೊಳ್ಳೆ ಎರಡೋ ಮೂರೋ ಇದ್ದವು. ಆಮೇಲೆ ಓದಿ ತಿಳಿದದ್ದು: 1990ರ ದಶಕದಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಇಂಥ ಯಂತ್ರಗಳಿಗೆ ಬಿದ್ದ ಹುಳಗಳನ್ನು ಕೂತು ಎಣಿಸಿದ್ದರಂತೆ. 13,789 ಹುಳಗಳಲ್ಲಿ ಮನುಷ್ಯರನ್ನು ಕಚ್ಚುವಂಥವು 31. ಸೊಳ್ಳೆ ನಮ್ಮನ್ನು ಹುಡುಕಿಕೊಂಡು ಬರುವುದು ಉಸಿರಿನ ಗಾಳಿ, ಮೈ ವಾಸನೆ, ಮೈ ಬಿಸಿ ಹಿಡಿದು. ಅದಕ್ಕೆ ನೀಲಿ ದೀಪ ಯಾಕೆ ಬೇಕು?

ನಗು ಬರುವ ವಿಷಯ ಇನ್ನೊಂದಿದೆ. ಆ ಯಂತ್ರದಿಂದ ಐದು ಹೆಜ್ಜೆ ದೂರದಲ್ಲಿ, ನಲ್ಲಿ ಪಕ್ಕ, ಪೇಂಟಿನ ಹಳೇ ಬಕೆಟ್ ಒಂದನ್ನು ಬೋರಲು ಹಾಕಿಟ್ಟಿದ್ದೆ. ನೀರು ನಿಲ್ಲಬಾರದು ಅಂತ ಜಾಣತನದಿಂದ ಮಾಡಿದ್ದು. ಆದರೆ ಬಕೆಟ್ಟಿನ ತಳಕ್ಕೆ ಸುತ್ತ ಒಂದು ಅಂಚು ಇರುತ್ತದಲ್ಲ, ಬೋರಲು ಹಾಕಿದರೆ ಅದೇ ತಟ್ಟೆ. ಅರ್ಧ ಇಂಚು ಮಳೆ ನೀರು ನಿಂತಿತ್ತು. ನನ್ನ ನೆರಳು ಬಿದ್ದ ಕೂಡಲೇ ಮೂವತ್ತು ನಲವತ್ತು ಮರಿಗಳು ಕುಣಿಯುತ್ತಾ ತಳಕ್ಕೆ ಓಡಿದವು. ಯಂತ್ರ ಒಂದು ಕಡೆ, ಸಾಕಣೆ ಇನ್ನೊಂದು ಕಡೆ!

ಹಾಗಾಗಿ ಏನು ಕೊಳ್ಳಬೇಕು ಅನ್ನುವುದಕ್ಕಿಂತ ಮುಂಚೆ ಏನು ನೋಡಬೇಕು ಅನ್ನುವುದರಿಂದ ಶುರು ಮಾಡೋಣ.

ಯಾವ ಹೊತ್ತಿಗೆ ಕಚ್ಚುತ್ತದೆ?

ಎರಡು ಮೂರು ದಿನ ಗಮನಿಸಿ. ಬೆಳಿಗ್ಗೆ ಹೂ ಬಿಡಿಸುವಾಗ, ಸಂಜೆ ಐದರ ಸುಮಾರಿಗೆ ಗಿಡಕ್ಕೆ ನೀರು ಹಾಕುವಾಗ ಕಾಲಿಗೆ ಕಚ್ಚಿದರೆ, ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಕಪ್ಪು ಸೊಳ್ಳೆಯಾದರೆ, ಅದು ಈಡಿಸ್. ಡೆಂಗಿ, ಚಿಕೂನ್‌ಗುನ್ಯ ಹರಡುವುದು ಇದೇ. ಇದು ಜಾಸ್ತಿ ದೂರ ಹಾರುವುದಿಲ್ಲ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರು ಇನ್ನೂರು ಮೀಟರ್ ಒಳಗೇ ಇದರ ಬದುಕು ಮುಗಿಯುತ್ತದೆ. ಅಂದರೆ ನಿಮ್ಮನ್ನು ಹಗಲಲ್ಲಿ ಕಚ್ಚಿದ್ದು ನಿಮ್ಮ ಮನೆಯದ್ದೋ ಪಕ್ಕದ ಮನೆಯದ್ದೋ ಆಗಿರುತ್ತದೆ. ಊರಾಚೆಯ ಕೆರೆಯನ್ನು ಬೈದು ಪ್ರಯೋಜನವಿಲ್ಲ.

ರಾತ್ರಿ ಕಿವಿಯ ಹತ್ತಿರ ಹಾಡಿ ನಿದ್ದೆ ಕೆಡಿಸುವ ಕಂದು ಸೊಳ್ಳೆ ಬಹುಪಾಲು ಕ್ಯುಲೆಕ್ಸ್. ಇದಕ್ಕೆ ಚರಂಡಿ, ಬಚ್ಚಲು ನೀರು, ಪಾಯಿಖಾನೆ ಪಿಟ್ಟು ಅಂದರೆ ಇಷ್ಟ. ಇದು ಈಡಿಸ್‌ಗಿಂತ ದೂರದಿಂದಲೂ ಬರುತ್ತದೆ. ಗೋಡೆಯ ಮೇಲೆ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುವುದು ಮಲೇರಿಯಾದ ಅನಾಫಿಲಿಸ್. ಇದರಲ್ಲಿ ಒಂದು ಜಾತಿ ಬಾವಿ, ಓವರ್‌ಹೆಡ್ ಟ್ಯಾಂಕು, ಕಟ್ಟಡ ಕಟ್ಟುವ ಕಡೆ ನಿಂತ ನೀರಲ್ಲೇ ಆರಾಮಾಗಿ ಬೆಳೆಯುತ್ತದೆ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೌಟು, ಟಾರ್ಚು ಹಿಡಿದು ಹೊರಡಿ

ಅಡುಗೆಮನೆಯ ಹಳೇ ಸ್ಟೀಲ್ ಸೌಟು ಒಂದು ಸಾಕು. ಅನುಮಾನ ಬಂದ ನೀರಿನ ಮೇಲೆ ನೆರಳು ಬೀಳದ ಹಾಗೆ ನಿಂತು, ಮೇಲ್ಪದರವನ್ನು ಸರಕ್ಕನೆ ಮೊಗೆಯಿರಿ. ಸೌಟಿನ ಹೊಳಪಿನಲ್ಲಿ ಮರಿಗಳು ಎದ್ದು ಕಾಣುತ್ತವೆ. ತಲೆ ಕೆಳಗಾಗಿ ನೇತಾಡುತ್ತಿದ್ದರೆ ಈಡಿಸ್ ಅಥವಾ ಕ್ಯುಲೆಕ್ಸ್. ನೀರಿನ ಮೇಲೆ ಕಡ್ಡಿಯ ಹಾಗೆ ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್. ಕಾಮಾ ಚಿಹ್ನೆಯ ಹಾಗೆ ಬಾಗಿದ ದಪ್ಪ ತಲೆಯವು ಕಂಡರೆ ಅವು ಕೋಶಗಳು. ಇನ್ನೆರಡು ದಿನದಲ್ಲಿ ರೆಕ್ಕೆ ಬರುತ್ತದೆ ಅಂತ ಅರ್ಥ.

ಎಲ್ಲಿ ನೋಡಬೇಕು? ಕುಂಡದ ಕೆಳಗಿನ ತಟ್ಟೆ, ಹಳೇ ಟೈರು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವೇ ಜಾಸ್ತಿ. ನೀರಿನ ಮೀಟರ್ ಕೂರಿಸಿದ ಗುಂಡಿ. ಕಬ್ಬಿಣದ ಗೇಟಿನ, ತಂತಿಬೇಲಿಯ ಬಾಯಿ ತೆರೆದ ಪೈಪು. ಸೌದೆ ಮೇಲೆ ಹೊದಿಸಿದ ಟಾರ್ಪಾಲಿನ ಗುಳಿ. ಎಲೆ ಕಟ್ಟಿದ ಶೀಟಿನ ದೋಣಿ. ಹಕ್ಕಿಗೆ ಇಟ್ಟ ನೀರಿನ ಬಟ್ಟಲು. ಮನಿ ಪ್ಲಾಂಟ್ ಬಾಟಲಿ. ಫ್ರಿಜ್ಜಿನ ಹಿಂದಿನ ಟ್ರೇ. ಗೊಬ್ಬರಕ್ಕೆ ಆಗುತ್ತೆ ಅಂತ ಮೂಲೆಯಲ್ಲಿ ಎಸೆದ ಎಳನೀರು ಬುರುಡೆ. ಅಡಿಕೆ ತೋಟದ ಕಡೆಯವರಾದರೆ ಬಿದ್ದ ಹಾಳೆ. ಪುತ್ತೂರಿನಲ್ಲಿ ನಮ್ಮ ಅಕ್ಕನ ಮನೆ ಅಂಗಳ ಕನ್ನಡಿಯ ಹಾಗಿರುತ್ತದೆ, ಹಿಂದಿನ ತೋಟಕ್ಕೆ ಕಾಲಿಟ್ಟರೆ ಒಂದೊಂದು ಹಾಳೆಯೂ ಒಂದೊಂದು ತೊಟ್ಟಿ. ಕರಟ, ಕೋಕೋ ಸಿಪ್ಪೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು ಕೂಡ ಹಾಗೇ. ಬಿದಿರು ಕಡಿದರೆ ಗೆಣ್ಣಿನ ಮೇಲಕ್ಕೇ ಸರಿಯಾಗಿ ಕಡಿಯಿರಿ, ಇಲ್ಲದಿದ್ದರೆ ಲೋಟ ಉಳಿಯುತ್ತದೆ. ಮರದ ಪೊಟರೆಗೆ ಮರಳು ತುಂಬಿ.

ಹುಲ್ಲಿನಲ್ಲಿ ಸೊಳ್ಳೆ ಹುಟ್ಟುತ್ತದೆ ಅನ್ನುವುದು ಮಾತ್ರ ತಪ್ಪು. ಬಿಸಿಲಿಗೆ ನೆರಳು ಹುಡುಕಿ ಅಲ್ಲಿ ಕೂರುತ್ತದೆ ಅಷ್ಟೇ. ಕಿಟಕಿ ಪಕ್ಕದ ಪೊದೆ ಸವರಿದರೆ ಒಳ್ಳೆಯದು. ಆದರೆ ಹಿತ್ತಲನ್ನೆಲ್ಲ ಬೋಳು ಮಾಡಿ ಸಿಮೆಂಟ್ ಹಾಕಿಸುವ ಅಗತ್ಯವಿಲ್ಲ.

ಚೆಲ್ಲಿದರೆ ಸಾಲದು, ಉಜ್ಜಬೇಕು

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ. ಅದಕ್ಕೇ ವಾರಕ್ಕೊಂದು ದಿನ ಎಲ್ಲ ನೀರು ಖಾಲಿ ಮಾಡಿ ಒಣಗಿಸಿ ಅಂತ ಆಶಾ ಕಾರ್ಯಕರ್ತೆಯರು ಹೇಳುವುದು. ಇದರಲ್ಲಿ ಬಹಳ ಜನ ತಪ್ಪುವ ಜಾಗ ಒಂದಿದೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಗೋಡೆಗೆ ಅಂಟಿಸಿ. ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ ಕಪ್ಪು ಚುಕ್ಕೆ. ನೀರಿಲ್ಲದೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಮತ್ತೆ ನೀರು ತುಂಬಿದಿರೋ, ಮರಿ ಹೊರಬರುತ್ತದೆ. ಹಾಗಾಗಿ ಡ್ರಮ್ಮು, ತೊಟ್ಟಿ ಖಾಲಿ ಮಾಡಿದಾಗ ತೆಂಗಿನ ನಾರೋ ಗಟ್ಟಿ ಬ್ರಷ್ಷೋ ತಗೊಂಡು ಗೋಡೆ ಉಜ್ಜಿ ತೊಳೆಯಬೇಕು. ಮರಿ ಇರುವ ನೀರನ್ನು ಚರಂಡಿಗೆ ಬಿಡಬೇಡಿ. ಬಿಸಿಲು ಬೀಳುವ ಒಣ ಮಣ್ಣಿಗೆ ಸುರಿಯಿರಿ.

ಹಕ್ಕಿ ಬಟ್ಟಲಿನ ನೀರು ಎರಡು ದಿನಕ್ಕೊಮ್ಮೆ ಬದಲಾಯಿಸಿದರಾಯಿತು. ಹಕ್ಕಿಗಳ ಮೇಲೆ ಸಿಟ್ಟು ಬೇಡ.

ಚೆಲ್ಲಲಾಗದ ನೀರು

ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಮನೆಯವರಿಗೆ ‘ನೀರು ಶೇಖರಿಸಬೇಡಿ’ ಅಂದರೆ ಏನು ಅರ್ಥ? ಮುಚ್ಚುವುದೇ ದಾರಿ. ತಗಡು, ಹಲಗೆ ಇಟ್ಟರೆ ಸಾಲದು, ಸಂದಿ ಇರುತ್ತದೆ. ಹಳೇ ಕಾಟನ್ ಸೀರೆ ಎರಡು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಹೊದಿಸಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿ. ಬಟ್ಟೆ ಜೋತು ನೀರಿಗೆ ತಾಗಬಾರದು. ಸಂಪಿನ ಮುಚ್ಚಳದ ತೂತು, ಓವರ್‌ಹೆಡ್ ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ.

ಬಾವಿ, ತಾವರೆ ಕೊಳ, ದನದ ಕಲ್ಲು ಬಾನಿಗೆ ಮೀನು ಬಿಡಬಹುದು. ಗಪ್ಪಿ ಮೀನು ಮರಿ ಹಾಕಿ ತಾನಾಗಿ ಹೆಚ್ಚುತ್ತದೆ, ಸೊಳ್ಳೆ ಮರಿ ತಿನ್ನುತ್ತದೆ. ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಇದನ್ನು ಬಿಟ್ಟು ಮಲೇರಿಯಾ ಸೊಳ್ಳೆಯನ್ನು ಹತೋಟಿಗೆ ತಂದದ್ದುಂಟು. ಆದರೆ ಇದು ನಮ್ಮ ನೀರಿನ ಮೀನಲ್ಲ. ಕೆರೆ, ಹೊಳೆಗೆ ಬಿಟ್ಟರೆ ನಮ್ಮ ಸಣ್ಣ ಮೀನುಗಳಿಗೆ ತೊಂದರೆ. ಮಳೆಯಲ್ಲಿ ತುಂಬಿ ಹೊರಗೆ ಹರಿಯುವ ಕೊಳಕ್ಕೆ ಬಿಡಬೇಡಿ. ಗದ್ದೆ ಕಾಲುವೆಗಳಲ್ಲಿ ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊಳೆಯುವ, ನೀರಿನ ಮೇಲ್ಪದರದಲ್ಲೇ ತೇಲುವ ಪುಟ್ಟ ಮೀನು ನೋಡಿದ್ದೀರಲ್ವಾ? ಅದೂ ಸೊಳ್ಳೆ ಮರಿ ತಿನ್ನುತ್ತದೆ. ಸಿಕ್ಕರೆ ನನ್ನ ಮತ ಅದಕ್ಕೇ. ಬ್ಲೀಚಿಂಗ್ ಪುಡಿ ಹಾಕುವ ನೀರಿಗೆ ಮಾತ್ರ ಯಾವ ಮೀನೂ ಬೇಡ.

ಮೀನೂ ಬಿಡಲಾಗದ, ಮುಚ್ಚಲೂ ಆಗದ ನೀರಿಗೆ ಬಿಟಿಐ ಇದೆ. ಇದು ವಿಷದ ರಾಸಾಯನಿಕ ಅಲ್ಲ, ಒಂದು ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು. ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ನಮ್ಮದೇ ಒಂದು ತಳಿಯನ್ನೂ ಬೆಳೆಸಿದೆ. ಸೊಳ್ಳೆ ಮರಿ ಇದನ್ನು ತಿಂದರೆ ಕರುಳು ಒಡೆದು ಸಾಯುತ್ತದೆ. ಮೀನು, ಜೇನು, ನಾಯಿ, ನಮಗೆ ಏನೂ ಆಗುವುದಿಲ್ಲ. ಎರಡು ಮಿತಿ ತಿಳಿದಿರಲಿ. ಕೋಶಗಳು ಏನೂ ತಿನ್ನುವುದಿಲ್ಲ, ಹಾಗಾಗಿ ಅವು ಸಾಯುವುದಿಲ್ಲ. ಬಿಸಿಲು, ಕೊಳಕು ನೀರಿನಲ್ಲಿ ಶಕ್ತಿ ಬೇಗ ಇಳಿಯುತ್ತದೆ, ಮತ್ತೆ ಮತ್ತೆ ಹಾಕಬೇಕು. ಅಳತೆ ಪೊಟ್ಟಣದ ಮೇಲೆ ಬರೆದಂತೆ. ಆರೋಗ್ಯ ಇಲಾಖೆಯವರು ಹಾಕುವ ಟೆಮಿಫಾಸ್ ರಾಸಾಯನಿಕ. ಅದನ್ನು ಅವರೇ ಅಳೆದು ಹಾಕಲಿ, ನಾವು ಕೈಯಂದಾಜಿನಲ್ಲಿ ಸುರಿಯುವ ವಸ್ತು ಅಲ್ಲ.

ಸುಟ್ಟ ಇಂಜಿನ್ ಆಯಿಲ್ ಹಿತ್ತಲ ಗುಂಡಿಗೆ ಸುರಿಯುವ ಅಭ್ಯಾಸ ಇನ್ನೂ ಇದೆ. ಮರಿ ಉಸಿರುಕಟ್ಟಿ ಸಾಯುವುದು ನಿಜ. ಆ ಎಣ್ಣೆ ಮಣ್ಣಿಗಿಳಿದು ಬೋರ್‌ವೆಲ್ ದಾರಿ ಹಿಡಿಯುವುದೂ ನಿಜ. ಬೇಡ.

ಪಿಟ್ಟಿನ ಗಾಳಿ ಪೈಪು

ರಾತ್ರಿ ಸೊಳ್ಳೆಯ ಕಾಟ ಜಾಸ್ತಿ ಇದ್ದು ಅಂಗಳದಲ್ಲಿ ಏನೂ ಸಿಗದಿದ್ದರೆ, ಮುಸ್ಸಂಜೆ ಹೊತ್ತಿಗೆ ಪಿಟ್ಟಿನ ಗಾಳಿ ಪೈಪಿನ ತುದಿ ನೋಡಿ. ನಮ್ಮ ಮನೆಯದ್ದು ಟೆರೇಸಿನ ಎತ್ತರಕ್ಕಿದೆ. ಒಂದು ಸಂಜೆ ಅದರ ಬಾಯಿಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿ ಅರ್ಧ ಗಂಟೆ ಬಿಟ್ಟೆ. ಚೀಲದ ಒಳಗೋಡೆಯಲ್ಲಿ ಸೊಳ್ಳೆಗಳು ಅಕ್ಕಿ ಕಾಳು ಅಂಟಿದ ಹಾಗೆ ಕೂತಿದ್ದವು. ಎಣಿಸಲು ಹೋಗಿ ಎಪ್ಪತ್ತಕ್ಕೆ ಬಿಟ್ಟೆ. ಚೀಲ ತೆಗೆದು ನೈಲಾನ್ ಬಲೆ ಕಟ್ಟಿ, ಪಿಟ್ಟಿನ ಚಪ್ಪಡಿ ಸಂದಿಗೆ ಸಿಮೆಂಟ್ ಮೆತ್ತಿಸಿದೆ. ಇಡೀ ಮಳೆಗಾಲದಲ್ಲಿ ನಾನು ಮಾಡಿದ ಖರ್ಚಿನಲ್ಲಿ ಅತ್ಯಂತ ಕಡಿಮೆಯದು ಇದೇ, ಅತ್ಯಂತ ಉಪಯೋಗಕ್ಕೆ ಬಂದದ್ದೂ ಇದೇ. ಬಲೆ ಬಿಸಿಲಿಗೆ ಪುಡಿಯಾಗುತ್ತದೆ, ವರ್ಷಕ್ಕೊಮ್ಮೆ ಬದಲಾಯಿಸಿ.

ಇನ್ನು ಹೊಗೆ, ಗಿಡ, ಬ್ಯಾಟು

ಫಾಗಿಂಗ್ ಗಾಡಿ ಬಂದರೆ ಬೀದಿಯೆಲ್ಲ ಬೆಳ್ಳಗಾಗುತ್ತದೆ, ಏನೋ ಆಯಿತು ಅನ್ನುವ ಸಮಾಧಾನ. ಆ ಹೊತ್ತಿಗೆ ಹಾರುತ್ತಿದ್ದ ಸೊಳ್ಳೆ ಮಾತ್ರ ಸಾಯುತ್ತದೆ. ಮಂಚದ ಕೆಳಗೆ, ಪರದೆ ಹಿಂದೆ ಕೂತ ಈಡಿಸ್‌ಗೆ ತಾಗುವುದು ಕಷ್ಟ. ನೀರಿನಲ್ಲಿರುವ ಮರಿಗೆ ತಾಗುವುದೇ ಇಲ್ಲ. ನಡು ಮಧ್ಯಾಹ್ನ ಹಾಕಿದರೆ ಬಿಸಿ ಗಾಳಿಗೆ ಹೊಗೆ ಮೇಲಕ್ಕೆ ಹೋಗಿಬಿಡುತ್ತದೆ. ಬೀದಿಯಲ್ಲಿ ಡೆಂಗಿ ಕಾಣಿಸಿಕೊಂಡಾಗ ತುರ್ತಿಗೆ ಬೇಕು, ಸರಿ. ತಿಂಗಳು ತಿಂಗಳು ದುಡ್ಡು ಕೊಟ್ಟು ಮನೆ ಹಿತ್ತಲಿಗೆ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಜೇನು, ಚಿಟ್ಟೆಗೂ ಅದೇ ವಿಷ.

ಸೊಳ್ಳೆ ಓಡಿಸುವ ಗಿಡ ಅಂತ ನರ್ಸರಿಯಲ್ಲಿ ಮಾರುವುದನ್ನು ಚಂದಕ್ಕೆ ಬೆಳೆಸಿ. ಎಲೆ ಉಜ್ಜಿದಾಗ ಬರುವ ಎಣ್ಣೆಗೆ ಸ್ವಲ್ಪ ಹೊತ್ತು ಗುಣವಿದೆ, ಸುಮ್ನೆ ಕುಂಡದಲ್ಲಿ ನಿಂತ ಗಿಡಕ್ಕಿಲ್ಲ. ಕಿವಿಗೆ ಕೇಳದ ಸದ್ದು ಮಾಡುವ ಪ್ಲಗ್ಗು ದಂಡ. ಬ್ಯಾಟು ಮಕ್ಕಳಿಗೆ ವ್ಯಾಯಾಮ. ಕಾಯಿಲ್ ವಿಷಯದಲ್ಲಿ ಹುಷಾರು: ಮುಚ್ಚಿದ ಕೋಣೆಯಲ್ಲಿ ಒಂದು ಕಾಯಿಲ್ ಉರಿಸಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಲೋಭಾನದ, ಬೇವಿನ ಸೊಪ್ಪಿನ ಹೊಗೆಯೂ ಹೊಗೆಯೇ. ಅಂಗಳದಲ್ಲಾದರೆ ಸರಿ, ಮಗು ಮಲಗಿದ ಕೋಣೆಯಲ್ಲಿ ಬೇಡ.

ಸಂಜೆ ಜಗಲಿಯಲ್ಲಿ ಕೂತು ಕಾಫಿ ಕುಡಿಯಬೇಕೇ? ಟೇಬಲ್ ಫ್ಯಾನ್ ತಂದು ಕಾಲಿನ ಕಡೆ ತಿರುಗಿಸಿಡಿ. ಸೊಳ್ಳೆಗೆ ಗಾಳಿಗೆದುರು ಹಾರುವ ಬಲ ಇಲ್ಲ. ಹಿತ್ತಲ ಕೆಲಸಕ್ಕೆ ಇಳಿಯುವಾಗ ಉದ್ದ ಪ್ಯಾಂಟು, ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮು.

ಗೋಡೆಯಾಚೆ

ಪಕ್ಕದವರ ಹಿತ್ತಲಲ್ಲಿ ಡ್ರಮ್ಮು ತೆರೆದಿದ್ದರೆ ನಮ್ಮ ಶ್ರಮವೆಲ್ಲ ಅರ್ಧ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ಕಟ್ಟಡ ಕಟ್ಟುವ ಜಾಗಕ್ಕೆ, ಖಾಲಿ ಸೈಟಿಗೆ ಇನ್ನೂ ಜಾಸ್ತಿ. ಆದರೆ ದಂಡದ ಮಾತಿನಿಂದ ಶುರು ಮಾಡಿದರೆ ನೆರೆಹೊರೆ ಕೆಡುತ್ತದೆ. ನಾನು ಸೌಟಿನಲ್ಲಿ ಮರಿ ಮೊಗೆದು ಪಕ್ಕದ ಮನೆ ಅಜ್ಜಿಗೆ ತೋರಿಸಿದೆ. ‘ಅಯ್ಯೋ, ಇದು ನೀರಿನ ಹುಳ ಅಂತ ಬಿಟ್ಟಿದ್ನಲ್ಲಪ್ಪ, ಇದೇ ಸೊಳ್ಳೆ ಆಗತ್ತಾ?’ ಅಂದರು. ಒಂದು ಗಾಜಿನ ಬಾಟಲಿಗೆ ಅದೇ ನೀರು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಅವರ ಕಿಟಕಿಯಲ್ಲೇ ಇಟ್ಟೆವು. ನಾಲ್ಕನೇ ದಿನ ಬಾಟಲಿಯೊಳಗೆ ಪಟ್ಟೆ ಕಾಲಿನ ಸೊಳ್ಳೆ ಹಾರುತ್ತಿತ್ತು. ಅವತ್ತೇ ಅವರ ಮೊಮ್ಮಗ ಎರಡು ಡ್ರಮ್ಮನ್ನೂ ಉಜ್ಜಿದ.

ಶುರು ಮಾಡಿದ ಎರಡು ವಾರಕ್ಕೆ ಮತ್ತೊಮ್ಮೆ ಸೌಟು ಹಿಡಿದು ಸುತ್ತಿ. ಈಗಾಗಲೇ ರೆಕ್ಕೆ ಬಂದಿದ್ದವು ಇನ್ನೂ ಕೆಲವು ದಿನ ಕಚ್ಚುತ್ತವೆ, ಅದಕ್ಕೆ ಬೇಸರ ಬೇಡ. ಆದರೆ ಸೌಟಿನಲ್ಲಿ ಮತ್ತೆ ಮರಿ ಸಿಕ್ಕರೆ ಎಲ್ಲೋ ಒಂದು ಕಡೆ ಉಜ್ಜಿಲ್ಲ, ಇಲ್ಲಾ ಒಂದು ಜಾಗ ಕಣ್ಣು ತಪ್ಪಿದೆ. ನಮ್ಮ ಮನೆಯಲ್ಲಿ ಎರಡನೇ ಸುತ್ತಿನಲ್ಲಿ ಸಿಕ್ಕಿದ್ದು ತುಳಸಿ ಕಟ್ಟೆಯ ಹಿಂದೆ ಬಿದ್ದಿದ್ದ ಹಳೇ ದೀಪಾವಳಿ ಹಣತೆಯಲ್ಲಿ. ಅಂದಹಾಗೆ, ಆ ಸೌಟಿನ ಹಿಡಿಗೆ ಕೆಂಪು ದಾರ ಕಟ್ಟಿ ಹೊರಗಿನ ನಲ್ಲಿ ಹತ್ತಿರ ನೇತುಹಾಕಿ. ನಾನು ಕಟ್ಟಿರಲಿಲ್ಲ, ಅದು ಒಂದು ದಿನ ಸಾರಿನ ಪಾತ್ರೆಗೆ ವಾಪಸ್ ಹೋಗಿತ್ತು.