ಯಾವ ಬೆಂಕಿ, ಯಾವ ಕಾಡು? ಕಾಳ್ಗಿಚ್ಚಿನ ಮೇಲೆ ಮಾಸ್ಟರ್ಸ್ ಮಾಡಲು ಹೊರಟವರಿಗೆ

ತಾಳವಾಡಿ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿದರೆ ಮೊದಲು ಕೇಳುವುದು, "ಅಕ್ಕ, ಯಾವ ಯೂನಿವರ್ಸಿಟಿ ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ, "ಯಾವ ಬೆಂಕಿ?" ಆ ಕಡೆ ಸದ್ದೇ ಇರುವುದಿಲ್ಲ.

ನಾನೂ ಹಾಗೇ ಇದ್ದೆ. ಮೇಟ್ಟುಪಾಳ್ಯದ ಅರಣ್ಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಒಂದೇ ಪತ್ರವನ್ನು ಹೆಸರು ಬದಲಿಸಿ ಮೂವತ್ತೇಳು ಪ್ರೊಫೆಸರುಗಳಿಗೆ ಕಳಿಸಿದೆ. ಒಂದು ಕಡೆ ಹೆಸರು ಬದಲಿಸುವುದನ್ನೂ ಮರೆತಿದ್ದೆ. ಉತ್ತರ ಬಂದದ್ದು ಎರಡು. ಒಂದು 'ಜಾಗವಿಲ್ಲ'. ಇನ್ನೊಂದರಲ್ಲಿ ಒಂದೇ ಸಾಲು: ನಿನ್ನ ಕಾಡಿನಲ್ಲಿ ಬೆಂಕಿ ಯಾವ ತಿಂಗಳು ಬೀಳುತ್ತದೆ, ಬಿದ್ದಾದ ಮೇಲೆ ಏನು ಚಿಗುರುತ್ತದೆ?

ನಮ್ಮಪ್ಪ ಬೇಸಿಗೆಯಲ್ಲಿ ಫೈರ್ ವಾಚರ್ ಕೆಲಸಕ್ಕೆ ಹೋಗುತ್ತಿದ್ದವರು, ಹಸಿ ಸೊಪ್ಪಿನಲ್ಲಿ ಬಡಿದು ಬೆಂಕಿ ಆರಿಸಿದವರು. ಆದರೂ ನನಗೆ ಉತ್ತರ ಗೊತ್ತಿರಲಿಲ್ಲ. ಹಾಸನೂರು ಹತ್ತಿರದ ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಹೋಗಿ ಅಪ್ಪನ ಜೊತೆ ಕೆಲಸ ಮಾಡಿದ್ದ ಸೋಲಿಗರ ತಾತನನ್ನು ಕೇಳಿದೆ.

"ಸಂಕ್ರಾಂತಿ ಕಳೀತಿದ್ದಂಗೆ ಇಕ್ತಿದ್ದೋ ಕೂಸು. ತರಗು ಬೆಂಕಿ ಮೊಣಕಾಲೂ ಮುಟ್ಟಲ್ಲ. ಯುಗಾದಿ ಆದ್ಮೇಲೆ ಹತ್ತಿದ್ರೆ ಅದು ತರಗು ಬೆಂಕಿ ಅಲ್ಲ, ಅದ್ರ ಮುಂದೆ ನಿಂತ್ಕಬಾರ್ದು."

ನೆಲ್ಲಿಮರಕ್ಕೆ ಹತ್ತುವ ಬದನಿಕೆ, ಅವರ ಬಾಯಲ್ಲಿ ಉಪ್ಪಿಲು, ತರಗು ಬೆಂಕಿ ನಿಂತ ಮೇಲೆ ಜಾಸ್ತಿಯಾಯಿತು. ಲಂಟಾನ ಎಂಬ ಕಳೆಯೂ ಆಮೇಲೇ ನುಗ್ಗಿತು ಎಂದರು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಗಿ ಅಲ್ಲಿ ಸೋಲಿಗರು ಬೆಂಕಿ ಇಡುವುದು ನಿಂತಿತು. ಅದೇ ಬೆಟ್ಟದಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು 1997ರಲ್ಲೂ 2008ರಲ್ಲೂ ಅಳೆದು ನೋಡಿದಾಗ ಲಂಟಾನ ಹೆಚ್ಚೂಕಮ್ಮಿ ಎರಡು ಪಟ್ಟು ಜಾಗಕ್ಕೆ ಹಬ್ಬಿತ್ತು. ಬೆಂಕಿ ನಿಂತದ್ದೇ ಕಾರಣವೇ, ಬೇರೇನಾದರೂ ಸೇರಿಕೊಂಡಿದೆಯೇ ಎಂಬುದು ವಾದದ ವಿಷಯ. ಮೇಲಿಂದ ಮೇಲೆ ಬೆಂಕಿ ಬಿದ್ದರೆ ಎಳೆ ಸಸಿ ಮರವಾಗುವುದಿಲ್ಲ ಎನ್ನುವವರ ಮಾತಿಗೂ ತೂಕವಿದೆ. ವಾದ ಇದೆಯೆಂದರೆ ಥೀಸಿಸ್‌ಗೆ ಜಾಗ ಇದೆ ಎಂದೇ ಅರ್ಥ.

ಎರಡನೇ ಸಲ ಬರೆದ ಪತ್ರ ಎಂಟೇ ಸಾಲು. ಯಾವ ಕಾಡು, ಅಲ್ಲಿ ನಾನು ಕಣ್ಣಾರೆ ಕಂಡದ್ದೇನು, ಹಿರಿಯರು ಹೇಳುವುದೇನು, ಅದರಲ್ಲಿ ಅಳೆದು ನೋಡಬಹುದಾದದ್ದು ಯಾವುದು, ನನಗೆ ಬರುವ ಕೆಲಸ ಯಾವುದು. 'ಪ್ರಕೃತಿಯೆಂದರೆ ಬಾಲ್ಯದಿಂದಲೂ ಪ್ರೀತಿ' ಅನ್ನುವ ಸಾಲು ದಯವಿಟ್ಟು ಬೇಡ, ಅದು ಎಲ್ಲರ ಪತ್ರದಲ್ಲೂ ಇರುತ್ತದೆ. ಒಂಬತ್ತು ಜನಕ್ಕೆ ಕಳಿಸಿದೆ, ಐದು ಜನ ಉತ್ತರಿಸಿದರು. ಪತ್ರ ಕಳಿಸುವ ಮುಂಚೆ ಅವರ ಎರಡಾದರೂ ಪ್ರಬಂಧ ಓದಿರಬೇಕು.

ಪತ್ರದ ಜೊತೆ ನೀವೇ ಅಳೆದ ನಾಲ್ಕು ಅಂಕಿ ಇದ್ದರೆ ಅದರ ಬೆಲೆಯೇ ಬೇರೆ. ದೊಡ್ಡ ಉಪಕರಣ ಬೇಡ. ಗಟ್ಟಿ ಮುಚ್ಚಳದ ಡಬ್ಬಿ, ಗ್ರಾಂ ತೋರಿಸುವ ತಕ್ಕಡಿ ಸಾಕು. ನಿಮ್ಮದೇ ಹೊಲದ ಬದುವಿನ ಮರದಡಿ ಒಂದಡಿ ಚೌಕದ ತರಗು ಬಾಚಿ, ಗಾಳಿಯಾಡದಂತೆ ಡಬ್ಬಿಗೆ ಹಾಕಿ ತೂಗಿ. ಆಮೇಲೆ ಕಾಲೇಜಿನ ಓವನ್‌ನಲ್ಲಿ 105 ಡಿಗ್ರಿಗೆ ಒಂದು ದಿನ ಒಣಗಿಸಿ ಮತ್ತೆ ತೂಗಿ. ಡಿಸೆಂಬರಿನ ಒಂದು ಬೆಳಗ್ಗೆ ನನಗೆ ಸಿಕ್ಕಿದ್ದು 84 ಗ್ರಾಂ, ಒಣಗಿದ ಮೇಲೆ 62. ಕಳೆದುಹೋದ 22ನ್ನು 62ರಿಂದ ಭಾಗಿಸಿದರೆ ತೇವಾಂಶ ಶೇ. 35. ಭಾಗಿಸಬೇಕಾದದ್ದು ಒಣ ತೂಕದಿಂದ. ನಾನು ಮೊದಲ ವಾರ ಹಸಿ ತೂಕದಿಂದ ಭಾಗಿಸಿ ನೋಟ್‌ಬುಕ್ಕೇ ಹಾಳು ಮಾಡಿದ್ದೆ. ಮಾರ್ಚಿನಲ್ಲಿ ಅದೇ ಮರದಡಿ 71 ಗ್ರಾಂ ಒಣಗಿ 66 ಆಯಿತು, ಶೇ. 8ಕ್ಕೂ ಕಮ್ಮಿ. ತಾತ ಸಂಕ್ರಾಂತಿ, ಯುಗಾದಿ ಎಂದು ಹೇಳಿದ್ದು ನನ್ನ ಡಬ್ಬಿಯಲ್ಲೇ ಇತ್ತು.

ಬಿದ್ದ ಕಡ್ಡಿ ಕೊಂಬೆಗಳನ್ನು ದಪ್ಪದ ಮೇಲೆ ವಿಂಗಡಿಸುವುದನ್ನೂ ಕಲಿಯಿರಿ. 0.6 ಸೆಂ.ಮೀ.ಗಿಂತ ಸಣ್ಣದು ಒಂದು ಗಂಟೆಯ ಸೌದೆ, 2.5ರವರೆಗೆ ಹತ್ತು ಗಂಟೆ, 7.6ರವರೆಗೆ ನೂರು ಗಂಟೆ, ಅದಕ್ಕೂ ದಪ್ಪದ್ದು ಸಾವಿರ ಗಂಟೆ. ಸುತ್ತಲಿನ ಗಾಳಿಯ ತೇವಕ್ಕೆ ಅದು ಹೊಂದಿಕೊಳ್ಳಲು ಹಿಡಿಯುವ ಹೊತ್ತಿನ ಲೆಕ್ಕ ಇದು. ಒಲೆ ಹಚ್ಚುವ ನಮ್ಮವ್ವನಿಗೆ ಇದನ್ನು ಹೇಳಿದಾಗ, "ಇದ್ಕೆ ಅಮೇರಿಕಕ್ಕೆ ಹೋಗ್ಬೇಕಿತ್ತಾ?" ಎಂದಳು.

ಉಪಗ್ರಹದ ಬೆಂಕಿ ಚುಕ್ಕೆಗಳು ನಾಸಾದ ಫರ್ಮ್ಸ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ವಿಯರ್ಸ್ ಎಂಬ ಉಪಗ್ರಹ ಸಂವೇದಕದ ಒಂದು ಚುಕ್ಕೆ 375 ಮೀಟರ್ ಅಗಲ, ಮೋಡಿಸ್ ಎಂಬುದರದು ಒಂದು ಕಿಲೋಮೀಟರ್. ಸತ್ಯಮಂಗಲ, ಬಿಳಿಗಿರಿ, ಬಂಡೀಪುರ, ಮುದುಮಲೆಯ ಫೆಬ್ರವರಿಯಿಂದ ಏಪ್ರಿಲ್‌ವರೆಗಿನದನ್ನು ಇಳಿಸಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಹರಡಿ, ಊರಿನ ವಾಚರ್ ಒಬ್ಬರನ್ನು ಕೂರಿಸಿಕೊಳ್ಳಿ. ನಾನು ಕಾಡಿನ ಬೆಂಕಿ ಎಂದುಕೊಂಡಿದ್ದ ಎಷ್ಟೋ ಚುಕ್ಕೆಗೆ ಅವರು "ಅದು ಕಬ್ಬಿನ ತರಗು" ಎಂದುಬಿಟ್ಟರು. ಕೋಣೆಯಲ್ಲಿ ಕೂತು ನಕ್ಷೆ ಮಾಡುವವರಿಗೆ ತಿಳಿಯದೆ ಹೋಗುವುದು ಇದೇ.

ಇನ್ನು ಎಲ್ಲಿ ಓದುವುದು. ನಮ್ಮ ದೇಶದಲ್ಲಿ ಬೆಂಕಿಯ ಹೆಸರಿನ ಡಿಗ್ರಿಗಾಗಿ ಅಲೆಯಬೇಡಿ. ಡಿಗ್ರಿಯ ಹೆಸರು ಏನೇ ಇರಲಿ, ಥೀಸಿಸ್ ಬೆಂಕಿಯದಾಗಿರಲಿ. ಮೇಟ್ಟುಪಾಳ್ಯ, ಪೊನ್ನಂಪೇಟೆ, ಶಿರಸಿ, ವೆಳ್ಳಾನಿಕ್ಕರದ ಅರಣ್ಯ ಕಾಲೇಜುಗಳು, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಮತ್ತು ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್ ಇವೆ. ಪಿಎಚ್‌ಡಿಗಾದರೆ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ. 1988ರಿಂದ ಅವರು ಮುದುಮಲೆಯ 50 ಹೆಕ್ಟೇರಿನಲ್ಲಿ ಒಂದೊಂದು ಮರದ ಲೆಕ್ಕ ಇಟ್ಟಿದ್ದಾರೆ, ನಮ್ಮಂಥದೇ ಒಣ ಕಾಡು.

ಹೊರಗೆ ಹೋಗುವವರಿಗೆ ಇಡಾಹೊ, ಮೊಂಟಾನಾ, ಕೊಲರಾಡೊ ಸ್ಟೇಟ್, ಬರ್ಕ್ಲಿ. ನಾನು ಓದಿದ್ದು ಮೊಂಟಾನಾದ ಮಿಸೌಲದಲ್ಲಿ. ಅಲ್ಲಿಯ ಚರಿತ್ರೆ ಓದಿದಾಗ ನಮ್ಮದೇ ಕತೆ ಅನ್ನಿಸಿತು. 1910ರಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟ ಭಯಕ್ಕೆ ಅವರು ಬೆಂಕಿಯನ್ನೇ ವೈರಿ ಮಾಡಿಕೊಂಡರು. 1935ರಲ್ಲಿ, ಕಂಡ ಬೆಂಕಿ ಮರುದಿನ ಬೆಳಗ್ಗೆ ಹತ್ತರೊಳಗೆ ಆರಬೇಕೆಂಬ ನಿಯಮ ಬಂತು. ಸುಡದೆ ಉಳಿದ ಸೌದೆ ಕಾಡಿನಲ್ಲೇ ಪೇರಿಸಿಕೊಂಡಿತು. ಅದೇ 1910ರಲ್ಲಿ ತನ್ನ ಜನರನ್ನು ಗಣಿಯ ಸುರಂಗಕ್ಕೆ ನುಗ್ಗಿಸಿ ಬಹುತೇಕರನ್ನು ಉಳಿಸಿದ ರೇಂಜರ್ ಎಡ್ ಪುಲಾಸ್ಕಿಯ ಹೆಸರಿನ ಹತಾರ ಈಗಲೂ ಬಳಕೆಯಲ್ಲಿದೆ: ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. ಅಪ್ಪನಿಗೆ ಒಂದು ತಂದುಕೊಟ್ಟೆ, ಶುಂಠಿ ಕೀಳಲು ಇಟ್ಟುಕೊಂಡಿದ್ದಾರೆ. ಮೂಲನಿವಾಸಿಗಳ ಬೆಂಕಿಯ ಮೇಲೆ ಮನಸ್ಸಿದ್ದರೆ ಆಸ್ಟ್ರೇಲಿಯಾದ ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯ ನೋಡಿ. ಅಲ್ಲಿ ಒಣ ಹಂಗಾಮಿನ ಆರಂಭದಲ್ಲೇ ಸುಡುವ ಅವರ ಪದ್ಧತಿ ಈಗ ಸರ್ಕಾರಿ ಯೋಜನೆಗಳ ಭಾಗ.

ದುಡ್ಡಿನ ಮಾತು. ಅಮೆರಿಕದಲ್ಲಿ ಥೀಸಿಸ್ ಇರುವ ಎಂ.ಎಸ್. ಹಿಡಿಯಿರಿ. ಪ್ರೊಫೆಸರ್ ರಿಸರ್ಚ್ ಅಸಿಸ್ಟೆಂಟ್ ಮಾಡಿಕೊಂಡರೆ ಸಾಮಾನ್ಯವಾಗಿ ಫೀಸೂ ಮಾಫಿ, ತಿಂಗಳ ಖರ್ಚಿಗೂ ಬರುತ್ತದೆ. ಥೀಸಿಸ್ ಇಲ್ಲದ್ದಕ್ಕೆ ಮನೆ ಮಾರಬೇಕಾದೀತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಉಳಿದವರು ಫುಲ್‌ಬ್ರೈಟ್-ನೆಹರು, ಜೆ.ಎನ್. ಟಾಟಾ ಸಾಲ ವೇತನ ನೋಡಬಹುದು. ಅಲ್ಲಿಯ ಫೆಡರಲ್ ಕೆಲಸಗಳು ಬಹುತೇಕ ಅಲ್ಲಿಯ ಪ್ರಜೆಗಳಿಗೇ ಮೀಸಲು ಎಂಬುದು ಹೋಗುವ ಮುಂಚೆಯೇ ತಿಳಿದಿರಲಿ. ಅಲ್ಲಿ ಬೆಂಕಿ ಆರಿಸುವ ತಂಡದ ಜೊತೆ ಇಳಿಯಬೇಕಿದ್ದರೆ 45 ಪೌಂಡ್ ಹೊರೆ ಹೊತ್ತು 45 ನಿಮಿಷದಲ್ಲಿ 3 ಮೈಲಿ ನಡೆಯಬೇಕು, ಓಡುವಂತಿಲ್ಲ. ಸೌದೆ ಹೊತ್ತು ಬೆಳೆದವರಿಗೆ ಕಷ್ಟವಿಲ್ಲ.

ನನ್ನ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ. ಊರ ಕಾಡಿನಲ್ಲೇ ಸಣ್ಣ ಸಣ್ಣ ಚೌಕ ಸುಟ್ಟು ನೋಡುವ ಯೋಜನೆ ಬರೆದಿದ್ದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದೇ ಅಪರಾಧ. ಒಂದು ಕಚೇರಿಯಲ್ಲಿ ಅರ್ಜಿ ಐದು ತಿಂಗಳು ಮಲಗಿ, ಕೊನೆಗೆ ಇಷ್ಟನ್ನು ಹೇಳಲು ಎದ್ದಿತು. ಮೊದಲೇ ಕಾಯ್ದೆ ಓದಿದ್ದರೆ ಆ ಬೇಸಿಗೆ ಉಳಿಯುತ್ತಿತ್ತು. ಆಮೇಲೆ ಬೆಂಕಿ ಹರಡದಂತೆ ಇಲಾಖೆಯವರೇ ಮೊದಲೇ ಪಟ್ಟಿಯಾಗಿ ಸುಡುವ ಬೆಂಕಿ ರೇಖೆಯ ಜಾಗ, ತಾನಾಗಿ ಸುಟ್ಟ ಜಾಗ, ಪಕ್ಕದಲ್ಲೇ ಸುಡದೆ ಉಳಿದ ಜಾಗ, ಈ ಮೂರನ್ನು ಹೋಲಿಸುವಂತೆ ಯೋಜನೆ ತಿದ್ದಿದೆ. ನೀವು ಮೊದಲ ದಿನವೇ ಹಾಗೆ ಬರೆಯಿರಿ. ಹುಲಿ ಮೀಸಲಿನೊಳಗೆ ಕಾಲಿಡಲು ಲಿಖಿತ ಅನುಮತಿ ಬೇಕು, ಗೈಡ್‌ನ ಪತ್ರ ಬಂದ ವಾರವೇ ಅರ್ಜಿ ಹಾಕಿ.

ಅಮೆರಿಕದ ಅರ್ಜಿಗಳು ಹೆಚ್ಚಾಗಿ ಡಿಸೆಂಬರ್, ಜನವರಿಗೆ ಮುಚ್ಚುತ್ತವೆ. ಪ್ರೊಫೆಸರುಗಳಿಗೆ ಪತ್ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗಿರಬೇಕು. ಪತ್ರಕ್ಕೆ ಅಂಕಿ ಬೇಕೆಂದರೆ ಅದಕ್ಕೂ ಹಿಂದಿನ ಡಿಸೆಂಬರಿನಲ್ಲೇ ಡಬ್ಬಿ ಹಿಡಿದು ಬದುವಿಗೆ ಹೋಗಬೇಕು, ಇಬ್ಬನಿ ಆರಿದ ಮೇಲೆ, ದಿನಾ ಒಂದೇ ಹೊತ್ತಿಗೆ.