ಎಣ್ಣೆಯ ಮೇಲೆ ವಾಟರ್ ಬೇಸ್ ನಿಲ್ಲುತ್ತದೆ, ನಡುವೆ ಅರಗಿದ್ದರೆ

ಎಣ್ಣೆ ಕುಡಿದ ಮರಕ್ಕೆ ವಾಟರ್ ಬೇಸ್ ಪಿಯು (ನೀರಿನಲ್ಲಿ ಬೆರೆತ ಪಾಲಿಯುರೆಥೇನ್ ವಾರ್ನಿಶ್) ಹಿಡಿಯುವುದಿಲ್ಲ, ಆರು ತಿಂಗಳಲ್ಲಿ ಸಿಪ್ಪೆ ಏಳುತ್ತದೆ ಎಂದವರೇ ಹೆಚ್ಚು. ನಾನು ಹಾಗೆ ಮುಗಿಸಿದ ತೇಗದ ಮೇಜು ಎರಡು ವರ್ಷ ದಾಟಿದೆ, ಅಂಚಿನಲ್ಲೂ ಎದ್ದಿಲ್ಲ.

ಎಣ್ಣೆ ಬೇಕಾದದ್ದು ಬಣ್ಣಕ್ಕೆ. ವಾಟರ್ ಬೇಸ್ ಒಂದನ್ನೇ ಬಳಿದರೆ ತೇಗ ಪೇಲವವಾಗುತ್ತದೆ. ಆಯಿಲ್ ಬೇಸ್ ಪಿಯು ಎಳೆಗಳನ್ನು ಚೆನ್ನಾಗಿ ಎತ್ತಿ ತೋರಿಸುತ್ತದೆ, ಆದರೆ ಒಂದೊಂದು ಕೋಟ್‌ಗೂ ಒಂದು ದಿನ ಕಾಯಬೇಕು, ಅಷ್ಟರಲ್ಲಿ ಧೂಳು ಕೂರುತ್ತದೆ, ಬರಬರುತ್ತಾ ಹಳದಿಗೂ ತಿರುಗುತ್ತದೆ.

ಮೊದಲ ಸಲ ಕುದಿಸಿದ ಅಗಸೆ ಎಣ್ಣೆ ಹಚ್ಚಿ, ಮೂರೇ ದಿನಕ್ಕೆ ಪಿಯು ಬಳಿದೆ. ಬ್ರಷ್ ಎತ್ತುವಷ್ಟರಲ್ಲಿ ಅದು ಅಲ್ಲಲ್ಲಿ ಸರಿದು ದುಂಡನೆಯ ಕುಳಿಗಳಾದವು. ಎರಡನೇ ಸಲ ಹತ್ತು ದಿನ ಬಿಟ್ಟು 220 ನಂಬರಿನ ಮರಳುಕಾಗದದಿಂದ ಉಜ್ಜಿ ಬಳಿದೆ, ನೀಟಾಗಿ ಕೂತಿತು. ತಿಂಗಳ ನಂತರ ಹಿಡಿತ ನೋಡಲು ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಒತ್ತಿ ಎಳೆದಾಗ ಹೆಚ್ಚುಕಡಿಮೆ ಕಾಲುಭಾಗ ಟೇಪಿಗೇ ಬಂತು. ಮೂರನೆಯದಕ್ಕೆ ನಡುವೆ ಮಾಮೂಲಿ ಅರಗು (ಸ್ಪಿರಿಟ್‌ನಲ್ಲಿ ಕರಗಿಸಿ ಬಳಿಯುವ ಶೆಲ್ಯಾಕ್) ಕೊಟ್ಟೆ, ಅದರಲ್ಲಿದ್ದ ಮೇಣದಿಂದ ಅಲ್ಲೂ ಪಿಯು ಬಿಟ್ಟುಕೊಂಡಿತು. ಅಷ್ಟರಲ್ಲಿ ಒಂದೂವರೆ ಡಬ್ಬಿ ಪಿಯು ನಷ್ಟ.

ಕೆಲಸ ಮಾಡಿದ್ದು ಮೇಣ ತೆಗೆದ ಅರಗು. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ, ತೆಳುವಾಗಿ ಒಂದೇ ಕೋಟ್. ದಪ್ಪವಾದರೆ ಅರಗೇ ಬಿರಿಯುತ್ತದೆ. ಎರಡು ಗಂಟೆ ಬಿಟ್ಟು 320ರಲ್ಲಿ ಹಗುರಾಗಿ ಉಜ್ಜಿ, ಒರೆಸಿ, ಪಿಯು ಮೂರು ಕೋಟ್. ಎಣ್ಣೆ ಒಣಗಿದ ಮೇಲೆ ಬೆಳಿಗ್ಗೆ ಅರಗಿನಿಂದ ಶುರು ಮಾಡಿದರೆ ಸಂಜೆಗೆ ಮುಗಿಯುತ್ತದೆ. ಡಬ್ಬಿಗೆ ಆಯಿಲ್ ಬೇಸಿಗಿಂತ ಒಂದೂವರೆ ಪಟ್ಟು ಕೊಡಬೇಕಾದರೂ ಉಳಿದ ದಿನಗಳಲ್ಲಿ ಅದು ಹುಟ್ಟುತ್ತದೆ. ಎಣ್ಣೆಗೆ ಬಣ್ಣಕ್ಕಾಗಿ ನಾನು ಬೆರೆಸುವ ಇನ್ನೊಂದು ವಸ್ತುವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಇನ್ನೊಂದು ಲಾಭವೂ ಸಿಕ್ಕಿತು. ಬರಿಯ ಮರಕ್ಕೆ ನೀರು ತಾಗಿದರೆ ನಾರು ಏಳುತ್ತದೆ, ಮೊದಲೇ ಒದ್ದೆ ಮಾಡಿ ಉಜ್ಜಬೇಕು; ಅರಗು ಕೂತ ಮೇಲೆ ಆ ತಾಪತ್ರಯವಿಲ್ಲ. ಕೋಟುಗಳ ನಡುವೆ ಸ್ಟೀಲ್ ವೂಲ್ ಮುಟ್ಟಬೇಡಿ. ಒಂದು ತುಂಡಿನ ಮೇಲೆ ಪ್ರಯೋಗಿಸಿದ್ದೆ, ಉಳಿದ ಚೂರುಗಳು ತುಕ್ಕು ಹಿಡಿದು ಚುಕ್ಕೆ ಬಿದ್ದವು.

ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತವೆ, ಹರಡಿ ಒಣಗಿಸಿ.

ಹಲಗೆಯ ಅಡ್ಡಕೊಯ್ತದ ತುದಿ ಎಣ್ಣೆಯನ್ನು ಹೀರಿ ಮತ್ತೆ ಉಗುಳುತ್ತದೆ, ಮೊದಲ ದಿನ ಗಂಟೆಗೊಮ್ಮೆ ಒರೆಸಿ. ಹತ್ತನೇ ದಿನವೂ ಬೆರಳಿಗೆ ಜಿಡ್ಡು ತಾಗಿದರೆ ಅರಗಿನ ಡಬ್ಬಿ ತೆರೆಯದೆ ಇನ್ನೆರಡು ದಿನ ಬಿಡಿ.