ಅಂಡಮಾನ್‌ಗೆ ಮನೆಮಂದಿಯೆಲ್ಲ ಹೋಗುವುದಾದರೆ ಖರ್ಚಿನ ಲೆಕ್ಕ ಹೀಗೆ ಹಾಕಿ

ಮೈಸೂರು, ಮಂಡ್ಯದ ಕಡೆಯವರಿಗೆ ಸಮುದ್ರ ಅಂದರೆ ಮಲ್ಪೆ, ಮುರುಡೇಶ್ವರ, ಹೆಚ್ಚೆಂದರೆ ಗೋವಾ. ಅಂಡಮಾನ್ ಅಂದ ಕೂಡಲೇ "ಅದೆಲ್ಲ ಹನಿಮೂನ್‌ಗೆ ಹೋಗುವವರಿಗೆ, ನಮ್ಮಂಥವರಿಗೆ ಎಲ್ಲಿ ಆಗುತ್ತೆ" ಅನ್ನುತ್ತಾರೆ. ಆಗುತ್ತೆ. ಅಗ್ಗ ಅಂತ ಮಾತ್ರ ಹೇಳುವುದಿಲ್ಲ, ವಿಮಾನ ಹತ್ತಲೇಬೇಕಾದ ಜಾಗ ಅಗ್ಗ ಆಗುವುದು ಕಷ್ಟ. ಆದರೆ ಹೆಂಡತಿ, ಮಕ್ಕಳು, ಅಮ್ಮ ಎಲ್ಲರನ್ನೂ ಕರೆದುಕೊಂಡು ಹೋಗಿ, ಸಾಲ ಮಾಡದೆ ವಾಪಸ್ ಬರಬಹುದು.

ಮಾಲ್ಡೀವ್ಸ್‌ಗೆ ಭಾರತೀಯರು ಮುಂಚೆಯೇ ವೀಸಾ ಮಾಡಿಸಬೇಕಿಲ್ಲ, ನಿಜ, ಆದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಪಾಸ್‌ಪೋರ್ಟ್ ಬೇಕು. ಲಕ್ಷದ್ವೀಪ ನಮ್ಮ ದೇಶದ್ದೇ ಆದರೂ ಪರ್ಮಿಟ್ ಇಲ್ಲದೆ ಕಾಲಿಡುವ ಹಾಗಿಲ್ಲ, ಉಳಿಯಲು ಜಾಗವೂ ಕಡಿಮೆ. ಅಂಡಮಾನ್‌ನಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ಹೋಗುವ ದ್ವೀಪಗಳಿಗೆ ನಮಗೆ ಆಧಾರ್ ಕಾರ್ಡ್ ಸಾಕು. ಹಾಗಾಗಿ ಮೊದಲ ದ್ವೀಪ ಪ್ರವಾಸಕ್ಕೆ ನನ್ನ ಓಟು ಅದಕ್ಕೇ.

ತಲೆಗಿಷ್ಟು ಅನ್ನುವ ಖರ್ಚನ್ನು ಮೊದಲು ಹಿಡಿಯಿರಿ

ಇಡೀ ಪ್ಲಾನ್‌ನಲ್ಲಿ ನೆನಪಿಡಬೇಕಾದ ವಿಷಯ ಇದು. ಖರ್ಚಿನಲ್ಲಿ ಎರಡು ಥರ ಇದೆ. ರೂಮು, ಟ್ಯಾಕ್ಸಿ, ಆಟೋ ಇವೆಲ್ಲ ಗುಂಪಿಗೆ ಒಂದು ರೇಟು, ಇಬ್ಬರು ಹೋದರೂ ನಾಲ್ವರು ಹೋದರೂ ಹೆಚ್ಚುಕಡಿಮೆ ಅಷ್ಟೇ. ವಿಮಾನ, ಫೆರ್ರಿ (ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು), ನೀರಾಟ ಇವೆಲ್ಲ ತಲೆಗಿಷ್ಟು. ಜನ ಮಾಡುವುದು ಏನು ಗೊತ್ತಾ? ರೂಮಿನಲ್ಲಿ ಐನೂರು ಉಳಿಸಲು ರಾತ್ರಿಯೆಲ್ಲ ಮೊಬೈಲ್ ತಿರುವುತ್ತಾರೆ, ಬೆಳಿಗ್ಗೆ ಎದ್ದು "ಇನ್ನೊಂದು ದ್ವೀಪ ಸೇರಿಸೋಣ" ಅಂತ ಐದು ಜನಕ್ಕೆ ಫೆರ್ರಿ ಟಿಕೆಟ್ ಹಾಕುತ್ತಾರೆ.

ಐದು ಜನದ ಲೆಕ್ಕ ನೋಡಿ. ವಿಮಾನಕ್ಕೆ ಹೋಗಿಬರಲು ತಲೆಗೆ 12 ಸಾವಿರ ಅಂದುಕೊಂಡರೆ 60 ಸಾವಿರ ಅಲ್ಲೇ ಹೋಯಿತು. ಖಾಸಗಿ ಫೆರ್ರಿಗೆ ಒಂದು ಸಲಕ್ಕೆ ತಲೆಗೆ 1,500 ಅಂದುಕೊಳ್ಳಿ. ವಿಮಾನ ಇಳಿಯುವ ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗಿ ವಾಪಸ್ ಬಂದರೆ 15 ಸಾವಿರ. ಮಧ್ಯದಲ್ಲಿ ನೀಲ್ ದ್ವೀಪವನ್ನೂ ತೂರಿಸಿದರೆ ಮೂರು ಸಲ ಹತ್ತಬೇಕು, 22,500 ಆಗುತ್ತದೆ. ಜೊತೆಗೆ ಪ್ರತಿ ಸಲ ಲಗೇಜ್ ಕಟ್ಟಿ, ಜೆಟ್ಟಿಗೆ ಆಟೋ ಹಿಡಿದು, ಒಂದು ಗಂಟೆ ಮುಂಚೆ ಹೋಗಿ ಕೂತು ಅರ್ಧ ದಿನ ಕಳೆಯಬೇಕು. ಈ ರೇಟುಗಳು ಸೀಸನ್ ಮೇಲೆ ಏರಿಳಿಯುತ್ತವೆ, ನೀವು ಹೋಗುವ ತಾರೀಕಿನ ರೇಟು ಹಾಕಿ ಇದೇ ಲೆಕ್ಕ ಮಾಡಿ. ನನ್ನ ಪ್ರಕಾರ ಮಕ್ಕಳು, ವಯಸ್ಸಾದವರು ಇರುವ ಮನೆಗೆ ಐದು ರಾತ್ರಿ ಹೀಗೆ ಹಂಚಿದರೆ ಸರಿ: ಮೊದಲ ರಾತ್ರಿ ಪೋರ್ಟ್ ಬ್ಲೇರ್, ಮೂರು ರಾತ್ರಿ ಹ್ಯಾವ್‌ಲಾಕ್, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್.

ಕೊನೆಯ ರಾತ್ರಿಯನ್ನು ಮಾತ್ರ ಬಿಡಲೇಬೇಡಿ. ಗಾಳಿ ಜೋರಾದರೆ ಫೆರ್ರಿ ನಿಲ್ಲಿಸುತ್ತಾರೆ. ಹ್ಯಾವ್‌ಲಾಕ್‌ನಿಂದ ಬಂದ ದಿನವೇ ವಿಮಾನ ಇದ್ದು ಫೆರ್ರಿ ರದ್ದಾದರೆ ಐದು ಜನದ ಟಿಕೆಟ್ ದುಡ್ಡು ಸಮುದ್ರಕ್ಕೆ ಹಾಕಿದ ಹಾಗೆ.

ಇಲ್ಲೇ ಹೆಸರುಗಳ ಬಗ್ಗೆ ಒಂದು ಮಾತು, ಬುಕಿಂಗ್ ಮಾಡುವಾಗ ತಲೆ ಕೆಡುತ್ತದೆ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ಅವರ ಹೆಸರು ಬಂತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಒಂದು ಕಡೆ ಹಳೆಯ ಹೆಸರು, ಇನ್ನೊಂದು ಕಡೆ ಹೊಸದು ಕಂಡರೆ ಗಾಬರಿ ಬೇಡ, ಜಾಗ ಒಂದೇ.

ಯಾವಾಗ ಹೋಗುವುದು

ನಮ್ಮವರಿಗೆ ಮೊದಲು ತೋಚುವುದು ದಸರಾ ರಜೆ. ಊರಲ್ಲಿ ಜಂಬೂ ಸವಾರಿ ಗದ್ದಲ, ಹೊರಗೆ ಹೋಗೋಣ ಅನ್ನಿಸುವುದು ಸಹಜ. ಆದರೆ ಅದೇ ಹೊತ್ತಿಗೆ ಕೋಲ್ಕತ್ತಾ ಕಡೆಯವರಿಗೆ ದುರ್ಗಾ ಪೂಜೆ ರಜೆ, ಅವರಿಗೆ ಅಂಡಮಾನ್ ಅಂದರೆ ನಮಗೆ ಊಟಿ ಇದ್ದ ಹಾಗೆ. ರೂಮು, ಫೆರ್ರಿ ಎರಡೂ ಬಿಗಿ. ಮೇಲೆ ಅಕ್ಟೋಬರ್‌ನಲ್ಲಿ ಮಳೆ ಪೂರ್ತಿ ಹೋಗಿರುವುದೂ ಇಲ್ಲ. ಡಿಸೆಂಬರ್ ಕೊನೆ, ಹೊಸ ವರ್ಷದ ವಾರ ಅಂತೂ ಕೇಳಲೇಬೇಡಿ.

ಶಾಲೆ ಮಕ್ಕಳಿರುವ ಮನೆಗೆ ಏಪ್ರಿಲ್ ಒಳ್ಳೆಯದು. ಬೇಸಿಗೆ ರಜೆ ಶುರುವಾದ ಕೂಡಲೇ ಹೊರಡಿ. ಸೆಕೆ ಇರುತ್ತದೆ, ಮಂಡ್ಯದ ಏಪ್ರಿಲ್ ಕಂಡವರಿಗೆ ಬಿಸಿಲು ಹೊಸದಲ್ಲ, ಬೆವರು ಮಾತ್ರ ಜಾಸ್ತಿ. ಆದರೆ ಸಮುದ್ರ ಶಾಂತವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಮೇ ಮಧ್ಯದ ಹೊತ್ತಿಗೆ ಮುಂಗಾರು ಅಲ್ಲಿಗೆ ಕಾಲಿಡುತ್ತದೆ, ನಮಗಿಂತ ಮುಂಚೆಯೇ. ರಜೆ ಮೇ ಕೊನೆಯವರೆಗೆ ಇದೆಯಲ್ಲ ಅಂತ ಮುಂದೂಡಬೇಡಿ. ಶಾಲೆಯ ಹಂಗಿಲ್ಲದವರು ಜನವರಿ ಮಧ್ಯದಿಂದ ಮಾರ್ಚ್‌ವರೆಗೆ, ವಾರದ ನಡುವೆ ಹೋಗಿ.

ಮೈಸೂರಿನಿಂದ ವಿಮಾನದವರೆಗೆ

ನೇರ ವಿಮಾನ ಬೆಂಗಳೂರಿನಿಂದಲೂ ಇದೆ, ಚೆನ್ನೈಯಿಂದಲೂ ಇದೆ. ಬೆಂಗಳೂರಿನಿಂದ ಸುಮಾರು ಎರಡೂವರೆ ಗಂಟೆ ಹಾರಾಟ. ಹಡಗಿನಲ್ಲಿ ಹೋದರೆ ಅಗ್ಗ ಅಂತ ಯಾರಾದರೂ ಹೇಳುತ್ತಾರೆ. ಚೆನ್ನೈಯಿಂದ ಹಡಗು ಇದೆ ನಿಜ, ಆದರೆ ಒಂದು ಕಡೆಗೇ ಸುಮಾರು ಮೂರು ದಿನ. ಒಂದು ವಾರ ರಜೆಯವರಿಗೆ ಅದು ಆಗದ ಮಾತು.

ಎರಡು ಊರಿನ ರೇಟನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚೆನ್ನೈಯದು ಕಡಿಮೆ ಇದ್ದರೆ ಮೈಸೂರಿನಿಂದ ರಾತ್ರಿ ಹೊರಡುವ ಕಾವೇರಿ ಎಕ್ಸ್‌ಪ್ರೆಸ್ ಇದೆ, ಮಂಡ್ಯದಲ್ಲೂ ಹತ್ತಬಹುದು. ಬೆಳಿಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು ಅಲ್ಲಿಂದಲೇ ಮೆಟ್ರೋ ಹತ್ತಿದರೆ ವಿಮಾನ ನಿಲ್ದಾಣದ ಒಳಗೇ ಹೋಗಿ ಇಳಿಯುತ್ತೀರಿ. ಆದರೆ ರೈಲು ತಡವಾದರೆ ವಿಮಾನ ಕಾಯುವುದಿಲ್ಲ. ಹಾಗಾಗಿ ಬೆಳಗಿನ ವಿಮಾನ ಬೇಡ, ಹನ್ನೊಂದರ ನಂತರದ್ದು ಇದ್ದರೆ ಮಾತ್ರ ಈ ದಾರಿ. ತಲೆಗೆ ಎರಡು ಸಾವಿರವಾದರೂ ಉಳಿಯದಿದ್ದರೆ ಈ ತಲೆನೋವು ಯಾಕೆ? ಬೆಂಗಳೂರಿನಿಂದಲೇ ಹೋಗಿ.

ಬೆಂಗಳೂರು ವಿಮಾನ ನಿಲ್ದಾಣ ಮೈಸೂರಿನಿಂದ ಸುಮಾರು 180 ಕಿಲೋಮೀಟರ್. ಇಬ್ಬರು ಮೂವರಾದರೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಸಾಕು. ಐದಾರು ಜನರಾದರೆ ಕಾರು ಬಾಡಿಗೆಗೆ ಹಿಡಿಯುವುದೇ ವಾಸಿ, ಇಲ್ಲೂ ಅದೇ ತಲೆ ಲೆಕ್ಕ. ಸ್ವಂತ ಕಾರು ಒಯ್ದು ಅಲ್ಲೇ ನಿಲ್ಲಿಸಿದರೆ ಆರು ದಿನದ ಪಾರ್ಕಿಂಗ್ ಕಟ್ಟಬೇಕಾಗುತ್ತದೆ, ಅದನ್ನು ಮರೆಯಬೇಡಿ.

ಟಿಕೆಟ್ ಎರಡು ಮೂರು ತಿಂಗಳು ಮುಂಚೆ ತೆಗೆಯಿರಿ. ಎರಡು ವರ್ಷ ತುಂಬಿದ ಮಗುವಿಗೆ ಪೂರ್ತಿ ಸೀಟು, ಆ ಲೆಕ್ಕ ಮೊದಲೇ ಇರಲಿ. ನಮ್ಮ ಕಡೆ ಎಲ್ಲರಿಗೂ ಇನಿಷಿಯಲ್ ಕಾಟ ಬೇರೆ. ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಟಿಕೆಟ್‌ನಲ್ಲಿ ಬರಲಿ, ಅಪ್ಪನ ಹೆಸರು ಒಂದರಲ್ಲಿ ಊರಿನ ಹೆಸರು ಇನ್ನೊಂದರಲ್ಲಿ ಬೇಡ.

ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಕೆಲಸದಲ್ಲಿರುವವರು ಬಹಳ, ಅಂಚೆ, ಸಂಶೋಧನಾ ಸಂಸ್ಥೆಗಳು ಅಂತ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಮೊದಲು ಕಚೇರಿಯಲ್ಲಿ ಎಲ್‌ಟಿಸಿ (ರಜೆಯ ಪ್ರಯಾಣದ ಟಿಕೆಟ್ ಖರ್ಚನ್ನು ಸರ್ಕಾರ ಕೊಡುವ ಸೌಲಭ್ಯ) ಕೇಳಿ. ಸ್ವಂತ ಊರಿಗೆ ಹೋಗುವ ಎಲ್‌ಟಿಸಿಯನ್ನು ಅಂಡಮಾನ್‌ಗೆ ಬದಲಾಯಿಸಿಕೊಳ್ಳುವ ಅವಕಾಶ ಕೊಟ್ಟಿದ್ದಾರೆ. ಟಿಕೆಟ್ ಮಾತ್ರ ಅವರು ಹೇಳಿದ ಏಜೆನ್ಸಿಗಳಲ್ಲೇ ತೆಗೆಯಬೇಕು, ಸಿಕ್ಕ ಆ್ಯಪ್‌ನಲ್ಲಿ ತೆಗೆದರೆ ಬಿಲ್ ಪಾಸಾಗುವುದಿಲ್ಲ.

ಅಲ್ಲಿ ಇಳಿದ ಮೇಲೆ

ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಬೆಳಕು ಐದಕ್ಕೇ ಬಂದುಬಿಡುತ್ತದೆ, ಚಳಿಗಾಲದಲ್ಲಿ ಸಂಜೆ ಐದೂವರೆಗೆ ಕತ್ತಲು. ಒಂಬತ್ತಕ್ಕೆ ಎದ್ದು ಹತ್ತಕ್ಕೆ ತಿಂಡಿ ಅನ್ನುವವರಿಗೆ ಅರ್ಧ ದಿನ ಹೋಗಿರುತ್ತದೆ.

ಮೊದಲ ದಿನ ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆಲ್ಯುಲಾರ್ ಜೈಲು. ಯಾವ ದಿನ ರಜೆ ಅನ್ನುವುದನ್ನು ವಿಮಾನದ ದಿನ ಗೊತ್ತುಮಾಡುವಾಗಲೇ ನೋಡಿಕೊಳ್ಳಿ. 1906ರಲ್ಲಿ ಕಟ್ಟಿ ಮುಗಿಸಿದ ಈ ಜೈಲಿಗೆ ರೆಕ್ಕೆಗಳ ಹಾಗೆ ಚಾಚಿದ ಏಳು ಕಟ್ಟಡಗಳಿದ್ದವು, ಈಗ ಉಳಿದಿರುವುದು ಮೂರು. ಟಿಕೆಟ್ ಅಗ್ಗ, ಮಕ್ಕಳು ಕೇಳುವ ಪ್ರಶ್ನೆ ಮಾತ್ರ ಬಹಳ, ಮನೆಯಲ್ಲೇ ಸ್ವಲ್ಪ ಓದಿಸಿ ಕರೆದುಕೊಂಡು ಹೋಗಿ. ಸಂಜೆ ಧ್ವನಿ ಬೆಳಕಿನ ಕಾರ್ಯಕ್ರಮವೂ ಇರುತ್ತದೆ.

ಫೆರ್ರಿ ಎರಡು ಥರ. ಸರ್ಕಾರಿದು ತುಂಬಾ ಅಗ್ಗ, ಹ್ಯಾವ್‌ಲಾಕ್‌ಗೆ ಎರಡೂವರೆ ಗಂಟೆಯಷ್ಟು ಹಿಡಿಯುತ್ತದೆ. ಖಾಸಗಿಯದು ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ, ದುಬಾರಿ. ಸರ್ಕಾರಿ ಫೆರ್ರಿಯನ್ನು ಅಲ್ಲಿಯ ಜನರೂ ನೆಚ್ಚಿಕೊಂಡಿರುವುದರಿಂದ ಬೇಗ ತುಂಬುತ್ತದೆ. ರಶ್ ಇಲ್ಲದ ತಿಂಗಳಲ್ಲಿ ಅದಕ್ಕೆ ಪ್ರಯತ್ನಿಸಿ, ಸೀಸನ್‌ನಲ್ಲಿ ಖಾಸಗಿಯದನ್ನೇ ಮುಂಚೆ ಬುಕ್ ಮಾಡಿ. ರೂಮಿಗಿಂತ ಮೊದಲು ಫೆರ್ರಿ ಬುಕ್ ಆಗಬೇಕು. ಖಾಸಗಿಯಲ್ಲಿ ಮೇಲಿನ ಕ್ಲಾಸ್‌ಗೆ ದುಡ್ಡು ಸುರಿಯುವುದು ಸುಮ್ನೆ ದಂಡ, ಹೊಟ್ಟೆ ತೊಳಸುವವರಿಗೆ ಕೆಳಗಿನ ಅಂತಸ್ತಿನ ಮಧ್ಯದ ಸೀಟೇ ಒಳ್ಳೆಯದು. ವಾಂತಿ ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮುಂಚೆ ಕೊಡಿ, ಹತ್ತಿದ ಮೇಲೆ ಕೊಟ್ಟರೆ ಅಷ್ಟಾಗಿ ಪ್ರಯೋಜನ ಇಲ್ಲ.

ಹ್ಯಾವ್‌ಲಾಕ್‌ನ ಚಂದದ ಜಾಗ ರಾಧಾನಗರ ಬೀಚ್, ನೋಡಲು ದುಡ್ಡು ಕೊಡಬೇಕಿಲ್ಲ. ಅದರ ಪಕ್ಕದಲ್ಲೇ ರೂಮು ಹಿಡಿದರೆ ದುಬಾರಿ. ಗೋವಿಂದನಗರ, ವಿಜಯನಗರದ ಕಡೆ ಉಳಿದು ಆಟೋ ಅಥವಾ ಸರ್ಕಾರಿ ಬಸ್‌ನಲ್ಲಿ ಹೋಗಿ. ಆ ಕಡೆಯ ಬೀಚ್‌ಗಳಲ್ಲಿ ಇಳಿತದ ಹೊತ್ತಿಗೆ ನೀರು ದೂರ ಸರಿದು ಬರೀ ಕಲ್ಲು, ಹವಳ ಕಾಣುತ್ತದೆ, "ಫೋಟೋದಲ್ಲಿ ಹೀಗಿರಲಿಲ್ಲ" ಅಂತ ರೂಮಿನವರ ಜೊತೆ ಜಗಳ ಆಡಬೇಡಿ. ಉಬ್ಬರ ಇಳಿತದ ಹೊತ್ತನ್ನು ಹೋಟೆಲ್‌ನಲ್ಲಿ ಕೇಳಿಕೊಂಡು ದಿನದ ಪ್ಲಾನ್ ಮಾಡಿ. ಮೊಸಳೆ ಎಚ್ಚರಿಕೆ ಬೋರ್ಡ್ ಕಂಡರೆ ಅಲ್ಲಿ ನೀರಿಗಿಳಿಯಬೇಡಿ, ಸಮುದ್ರದಲ್ಲಿ ಮೊಸಳೆ ಎಲ್ಲಿಂದ ಬರುತ್ತೆ ಅಂದುಕೊಳ್ಳಬೇಡಿ, ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ.

ದುಡ್ಡು ಸೋರುವುದು ನೀರಾಟದಲ್ಲಿ. ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಮುಳುಗುವುದು), ಸೀ ವಾಕ್ (ಹೆಲ್ಮೆಟ್ ಹಾಕಿ ಸಮುದ್ರದ ತಳದಲ್ಲಿ ನಡೆಯುವುದು), ಜೆಟ್ ಸ್ಕೀ, ಗಾಜಿನ ತಳದ ದೋಣಿ, ಪ್ರತಿಯೊಂದಕ್ಕೂ ತಲೆಗಿಷ್ಟು. ಮನೆಯಲ್ಲೇ ಕೂತು ಒಬ್ಬೊಬ್ಬರೂ ಒಂದೇ ಒಂದು ಆರಿಸಿಕೊಳ್ಳಿ. ಸ್ಕೂಬಾಗೆ ಈಜು ಬರಬೇಕಿಲ್ಲ, ಜೊತೆಗೆ ತರಬೇತುದಾರ ಇರುತ್ತಾರೆ, ಸಾಮಾನ್ಯವಾಗಿ ಹತ್ತು ವರ್ಷ ದಾಟಿರಬೇಕು. ಅಸ್ತಮಾ, ಹೃದಯದ ತೊಂದರೆ ಇದ್ದವರು ಮುಚ್ಚಿಡಬೇಡಿ. ಸ್ಕೂಬಾ ಮಾಡಿ ಹದಿನೆಂಟು ಗಂಟೆಯಾದರೂ ಆಗುವವರೆಗೆ ವಿಮಾನ ಹತ್ತಬಾರದು, ಹಾಗಾಗಿ ಕೊನೆಯ ದಿನಕ್ಕೆ ಇಡಬೇಡಿ.

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗೆ ಎಲ್ಲ ಪ್ಯಾಕೇಜ್‌ನವರೂ ಕರೆಯುತ್ತಾರೆ. ಬೆಳಗಿನ ಜಾವ ಮೂರಕ್ಕೆ ಎದ್ದು, ಜಾರವಾ ಆದಿವಾಸಿಗಳ ಮೀಸಲು ಕಾಡಿನ ನಡುವೆ ಪೊಲೀಸ್ ಬೆಂಗಾವಲಿನಲ್ಲಿ ಸಾಲಾಗಿ ಹೋಗಬೇಕು. ಅವರ ಫೋಟೋ ತೆಗೆಯುವುದು ಅಪರಾಧ. ಚಿಕ್ಕ ಮಕ್ಕಳಿದ್ದರೆ ಇದನ್ನು ಬಿಡಿ. ಮಕ್ಕಳಿಲ್ಲದಿದ್ದರೂ ನಾನು ಬಿಡಿ ಅನ್ನುತ್ತೇನೆ, ಒಬ್ಬರ ಮನೆಯಂಗಳದಲ್ಲಿ ಇಣುಕಿಕೊಂಡು ಹೋಗುವುದು ಪ್ರವಾಸ ಅಲ್ಲ. ಅದರ ಬದಲು ಪೋರ್ಟ್ ಬ್ಲೇರ್ ಪಕ್ಕದಲ್ಲೇ ಇರುವ ರಾಸ್ ಮತ್ತು ನಾರ್ತ್ ಬೇಗೆ ಅರ್ಧ ದಿನ ಕೊಡಿ. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂದೆ ತೆಂಗಿನಮರಗಳ ನಡುವೆ ಲೈಟ್‌ಹೌಸ್ ಇದೆಯಲ್ಲ, ಅದು ನಾರ್ತ್ ಬೇಯದೇ. ನೋಟು ಅಚ್ಚು ಹಾಕುವ ಮೈಸೂರಿನವರು ಒಂದು ಹಳೆ ನೋಟು ಹುಡುಕಿ ಜೇಬಲ್ಲಿಟ್ಟುಕೊಂಡು ಹೋಗಿ.

ಊಟ, ಲಗೇಜು

ಪೋರ್ಟ್ ಬ್ಲೇರ್‌ನಲ್ಲಿ ತಮಿಳರು ಬಹಳ ಇದ್ದಾರೆ, ಇಡ್ಲಿ ದೋಸೆಗೆ ಬರವಿಲ್ಲ. ಹ್ಯಾವ್‌ಲಾಕ್‌ನಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ರೇಟು ಜಾಸ್ತಿ. ಒಳ್ಳೆಯ ಉಪಾಯ ಅಂದರೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ನಿಪ್ಪಟ್ಟು ಒಯ್ಯುವುದು. ಹೋಟೆಲ್‌ನಲ್ಲಿ ಬರೀ ಅನ್ನ, ಮೊಸರು ಹೇಳಿ ಕಲಸಿಕೊಂಡರೆ ಅಮ್ಮನಿಗೂ ಸಮಾಧಾನ. ಗೊಜ್ಜು, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಚೆಕ್ ಇನ್ ಬ್ಯಾಗ್‌ಗೆ ಹಾಕಿ. ಒಣ ಕೊಬ್ಬರಿ ಗಿಟುಕನ್ನು ಮಾತ್ರ ಅಲ್ಲಿಗೂ ಹಾಕಬೇಡಿ, ಬೆಂಕಿ ಹತ್ತುವ ವಸ್ತು ಅಂತ ತೆಗೆಸುತ್ತಾರೆ. ಎಳನೀರು ಅಲ್ಲೂ ಸಿಗುತ್ತದೆ, ಮದ್ದೂರಿನವರು ರೇಟು ಕೇಳಿ ಬೇಜಾರು ಮಾಡಿಕೊಳ್ಳಬಾರದು ಅಷ್ಟೇ.

2020ರಲ್ಲಿ ಚೆನ್ನೈಯಿಂದ ಸಮುದ್ರದ ಕೆಳಗೆ ಕೇಬಲ್ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ. ಆದರೂ ಹ್ಯಾವ್‌ಲಾಕ್‌ನಲ್ಲಿ ಸಿಗ್ನಲ್ ಕೈಕೊಡುವುದುಂಟು, ಫೋನ್‌ಪೇ ಒಂದನ್ನೇ ನಂಬಬೇಡಿ. ನಗದು ಇರಲಿ, ಟಿಕೆಟ್‌ಗಳ ಪ್ರಿಂಟ್ ಇರಲಿ, ಮಕ್ಕಳದ್ದೂ ಸೇರಿ ಆಧಾರ್‌ನ ಒರಿಜಿನಲ್ ಇರಲಿ.

ಏಜೆಂಟ್ ಮೂಲಕವೇ ಹೋಗುವವರು ಒಟ್ಟು ಮೊತ್ತ ಕೇಳಿ ತಲೆಯಾಡಿಸಬೇಡಿ. ಯಾವ ಫೆರ್ರಿ, ಯಾವ ಹೊತ್ತಿನದು, ರೂಮಿನ ಹೆಸರೇನು, ಹೆಚ್ಚುವರಿ ಹಾಸಿಗೆಗೆ ಎಷ್ಟು, ನೀರಾಟ ಸೇರಿದೆಯೋ ಇಲ್ಲವೋ, ಫೆರ್ರಿ ರದ್ದಾದರೆ ಯಾರ ಖರ್ಚು, ಎಲ್ಲ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಬರೆದುಕೊಡಲು ಎಳೆದಾಡುವವರಿಗೆ ಮುಂಗಡ ಕೊಡಬೇಡಿ.

ವಾಪಸ್ ಹೊರಡುವ ಹಿಂದಿನ ರಾತ್ರಿ ಮಕ್ಕಳ ಜೇಬು, ಬ್ಯಾಗು ಒಮ್ಮೆ ನೋಡಿ. ಬೀಚ್‌ನಲ್ಲಿ ಹೆಕ್ಕಿದ ಹವಳದ ಚೂರು, ಚಿಪ್ಪು ತರುವ ಹಾಗಿಲ್ಲ, ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿಸುತ್ತಾರೆ. ಅಂಗಡಿಯಲ್ಲಿ ಚಿಪ್ಪಿನ ಸಾಮಾನು ಕೊಂಡಿದ್ದರೆ ಅದರ ಬಿಲ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.